ಕಿರುಬೆರಳ ದಪ್ಪದ ನೀರು

ಮೊನ್ನೆ ನನ್ನ ಅಡುಗೆಮನೆಯ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿತು. ಬೀದರಿನಲ್ಲಿ ಈಗ ಈ ಯಂತ್ರವಿಲ್ಲದ ಮನೆ ಕಡಿಮೆ. ಒಬ್ಬನೇ ಇರುವ ನನ್ನ ಮನೆಯಲ್ಲೂ ಒಂದು ಗೋಡೆಗೆ ತೂಗಿಕೊಂಡಿದೆ. ಒಂದು ಲೋಟ ಕುಡಿಯುವ ನೀರು ಕೊಡಬೇಕಾದರೆ ಇನ್ನೆರಡು ಲೋಟ ನೀರನ್ನು ಸಣ್ಣದೊಂದು ಪೈಪಿನಿಂದ ಹೊರಗೆ ಚೆಲ್ಲುವುದು ಅದರ ಸ್ವಭಾವ. ರಿಪೇರಿಯವನು ಬಂದ, ಡಬ್ಬಿ ಬಿಚ್ಚಿದ, ಒಳಗೆಲ್ಲ ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಕೊನೆಗೆ ಸಿಂಕಿನ ಕೆಳಗೆ ತಲೆ ತೂರಿಸಿ ಆ ಪೈಪನ್ನು ಎಳೆದ. ಪೈಪನ್ನು ಮಡಚಿ, ಮಡಿಕೆಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಲಾಗಿತ್ತು; ಯಂತ್ರ ನಿಂತದ್ದು ಅದರಿಂದಲೇ.

"ಇದು ಯಾರ್ ಹಚ್ಯಾರ್ರಿ?" ಎಂದು ಕೇಳಿದ.

"ಗೊತ್ತಿಲ್ಲಪಾ," ಎಂದೆ.

ಒಬ್ಬನೇ ಇರುವ ಮನೆಯಲ್ಲಿ ಇಂಥ ಉತ್ತರ ಕೊಡಲು ಎಷ್ಟು ಧೈರ್ಯ ಬೇಕು, ನೀವೇ ಹೇಳಿ. ಆತ ನನ್ನ ಮುಖವನ್ನೊಮ್ಮೆ, ಹಿತ್ತಲಿನ ಹಗ್ಗದ ಮೇಲಿದ್ದ ಒಂದೇ ಒಂದು ಲುಂಗಿಯನ್ನೊಮ್ಮೆ ನೋಡಿ ಕೆಲಸಕ್ಕೆ ತೊಡಗಿದ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಕಾಶಪ್ಪ ಕಾಕಾ ನೆನಪಾದರು. ಅವರಿಗೆ ಹೇಳಿದ್ದ ಸುಳ್ಳೂ ನೆನಪಾಯಿತು.

ಅದು ಬರಗಾಲದ ವರ್ಷ. ನಾನು ಆಗ ಭಾಲ್ಕಿಯ ಕಡೆಯ ಹಿನ್ನೀರಿನಲ್ಲಿ ಜೆಟ್ ಬೋಟ್ ಓಡಿಸುತ್ತಿದ್ದೆ. ಬರಗಾಲದಲ್ಲಿ ಬೋಟೇ ಎಂದು ನೀವು ನಗಬಹುದು; ಕಮಠಾಣದ ನಮ್ಮ ಓಣಿಯೂ ನಕ್ಕಿತ್ತು. "ಇಲ್ಲಿ ಕೊಡ ತುಂಬಲ್ಲ, ನನ್ನ ಮಗ ಬೋಟ್ ನಡಸ್ತಾನಂತ" ಎಂದು ಅವ್ವ ಹೋದಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಹೆಮ್ಮೆಯೋ ಅಣಕವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಒಬ್ಬ ಗುತ್ತಿಗೆದಾರ ಪ್ರವಾಸಿಗರು ಬರುತ್ತಾರೆಂದು ಆ ಬೋಟ್ ತಂದು ಬಿಟ್ಟಿದ್ದ. ಆ ವರ್ಷ ಪ್ರವಾಸಿಗರು ಬರಲಿಲ್ಲ, ಮಳೆಯೂ ಬರಲಿಲ್ಲ. ಆಚೆ ದಂಡೆಯ ಊರಿನವರು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೋ ಪುಣೆಗೋ ಹೊರಟಾಗ, ರಸ್ತೆಯ ಸುತ್ತು ತಪ್ಪಿಸಲು ನಮ್ಮ ಬೋಟ್ ಹತ್ತುತ್ತಿದ್ದರು. ಜನರನ್ನು ಈಚೆ ತರುವುದು, ಖಾಲಿ ಬೋಟ್ ಆಚೆ ಒಯ್ಯುವುದು. ಇಷ್ಟೇ ನನ್ನ ಕೆಲಸ.

ನನ್ನ ಹತ್ತಿರ ಡೀಸೆಲ್ ಮೆಕ್ಯಾನಿಕ್ ಪ್ರಮಾಣಪತ್ರವಿತ್ತು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ದಂಡೆಯ ತಗಡಿನ ಶೆಡ್ಡಿನಲ್ಲಿ ತೂಗುಹಾಕಿದ್ದೆ. ಅದನ್ನು ಓದಲು ಅಲ್ಲಿದ್ದದ್ದು ಒಬ್ಬರೇ, ಕಾವಲುಗಾರ ಕಾಶಪ್ಪ. ಅವರಿಗೆ ಓದು ಬರುತ್ತಿರಲಿಲ್ಲ.

ಕಾಕಾ ಔರಾದ ತಾಲ್ಲೂಕಿನ ಚಿಂತಾಕಿಯವರು. ಊರಲ್ಲಿ ಹನ್ನೆರಡು ವರ್ಷ ಓಣಿ ಓಣಿಗೆ ನೀರು ಬಿಡುವ ಕೆಲಸ ಮಾಡಿದವರು. ಊರ ಟಾಕಿಯಲ್ಲಿ, ಅಂದರೆ ದೊಡ್ಡ ತೊಟ್ಟಿಯಲ್ಲಿ, ನೀರು ಇಳಿದಷ್ಟೂ ವಾಲ್ವನ್ನು ಅರ್ಧರ್ಧ ಸುತ್ತು ಬಿಗಿ ಮಾಡಬೇಕು, ಆಗಲೇ ಕೊನೆಯ ಓಣಿಗೂ ಒಂದೊಂದು ಕೊಡ ಮುಟ್ಟುತ್ತದೆ ಎಂಬುದು ಅವರ ಲೆಕ್ಕ. "ಸುತ್ತು ನೆನಪಿರ್ಬೇಕಲ್ರಿ. ಅದಕ ವಾಲ್‌ಗೆ ಕೆಂಪು ಅರಿವಿ ಕಟ್ತೇನಿ. ಅರಿವಿ ಎಲ್ಲಿ ಬಂತು ನೋಡಿದ್ರ ಸಾಕು, ಎಷ್ಟು ಬಂದ್ ಆಗ್ಯಾದ ತಿಳೀತದ" ಎಂದು ವಿವರಿಸಿದ್ದರು. ಕೊಳವೆಬಾವಿ ಬತ್ತಿದ ಮೇಲೆ ಬಿಡಲು ನೀರೇ ಇರಲಿಲ್ಲ. ಹೆಂಡತಿ, ಮಗ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದರು. ಕಾಕಾ ಮಾತ್ರ ಹೋಗದೆ ಇಲ್ಲಿ ಕಾವಲಿಗೆ ಸೇರಿದರು.

"ನೀವೂ ಹೋಗ್ಬಹುದಿತ್ತಲ್ರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿ ಹೋಗಿ ನಾ ಏನ್ ಮಾಡ್ಲಿರಿ? ಇಟ್ಟಂಗಿ ಹೊರೋ ವಯಸ್ಸಿಲ್ಲ. ನಂಗ ತಿಳಿಯೋದು ನೀರೊಂದೇ. ಇಲ್ಲಿ ಕುಂತ್ರ ಕಣ್ಣಿಗರ ಕಾಣ್ತದ."

ಒಪ್ಪಿಬಿಡುತ್ತೇನೆ, ಆ ದಂಡೆಯಲ್ಲಿ ನನಗೆ ತುಂಬಾ ಒಂಟಿ ಅನಿಸುತ್ತಿತ್ತು. ವಾರ ವಾರಕ್ಕೂ ನೀರು ಹಿಂದೆ ಸರಿಯುತ್ತಿತ್ತು. ನಾವು ಬೋಟ್ ಕಟ್ಟುವ ಗೂಟವನ್ನು ಕಿತ್ತು ಕೆಸರಿನಲ್ಲಿ ಮುಂದೆ ಮುಂದೆ ನೆಡುತ್ತಿದ್ದೆವು. ಶೆಡ್ಡಿನಿಂದ ನೀರಿನವರೆಗೆ ನಡೆಯುವ ದಾರಿ ದಿನೇ ದಿನೇ ಉದ್ದವಾಗುತ್ತಿತ್ತು. ಆಚೆ ದಂಡೆಯಲ್ಲಿ ಕರೆಯುವವರು ಕಡಿಮೆಯಾಗುತ್ತಿದ್ದರು. ಸಂಜೆ ಕಾಕಾ ಚಹಾ ಇಟ್ಟು "ಬರ್ರಿ ಇಂಜಿನೇರ್ ಸಾಬ್" ಎಂದು ಕೂಗುವುದಕ್ಕಾಗಿಯೇ ನಾನು ಇಡೀ ದಿನ ಕಾಯುತ್ತಿದ್ದೆ ಎಂದರೆ ನೀವು ನಂಬಬೇಕು.

ಜೆಟ್ ಬೋಟಿಗೆ ತಿರುಗುವ ರೆಕ್ಕೆ ಹೊರಗೆ ಇರುವುದಿಲ್ಲ. ಹೊಟ್ಟೆಯಡಿಯ ಜಾಲರಿಯಿಂದ ನೀರು ಹೀರಿ, ಹಿಂದಕ್ಕೆ ಜೋರಾಗಿ ಚಿಮ್ಮಿ, ಅದರ ಒತ್ತಿನಲ್ಲಿ ಮುಂದೆ ಓಡುತ್ತದೆ. "ಕುಡದು ಉಗುಳೋ ಚಟ ಅದ ಇದಕ" ಎನ್ನುತ್ತಿದ್ದರು ಕಾಕಾ. ಹೀರಿದ ನೀರಿನಲ್ಲಿ ಸ್ವಲ್ಪ ಪಾಲು ಒಂದು ಕೊಳವೆಯಿಂದ ಎಂಜಿನ್ನಿಗೆ ಹೋಗಿ, ಅದನ್ನು ತಂಪು ಮಾಡಿ, ಬೋಟಿನ ಪಕ್ಕದ ತೂತಿನಿಂದ ಹೊರಗೆ ಬೀಳುತ್ತದೆ. ಹಿಂದಿನ ಸೀಟಿನಡಿ, ಆ ಕೊಳವೆಗೆ ಹಿತ್ತಾಳೆಯ ಒಂದು ವಾಲ್ವ್ ಇತ್ತು. ಅದು ಸದಾ ತೆರೆದೇ ಇರತಕ್ಕದ್ದು. ಆದ್ದರಿಂದ ನಾನು ಅದನ್ನು ಎಂದೂ ನೋಡಲಿಲ್ಲ.

ಮೊದಲ ಸಲ ಎಂಜಿನ್ ಕಾದದ್ದು ನಡುನೀರಿನಲ್ಲಿ. ಶಾಖದ ಮುಳ್ಳು ಕೆಂಪು ಗೆರೆ ದಾಟಿತು, ಎಚ್ಚರಿಕೆಯ ಗಂಟೆ ಹೊಡೆಯಿತು, ಬಂದ್ ಮಾಡಿದೆ. ಬೋಟಿನಲ್ಲಿ ಒಂದು ಕುಟುಂಬ ಇತ್ತು. ನಾನು ಬೆವರುತ್ತ ಕ್ಷಮೆ ಕೇಳಿದರೆ, ಗಂಟಿನ ಮೇಲೆ ಕುಳಿತಿದ್ದ ಹೆಂಗಸು ಹಿಂದಿನ ದಂಡೆಯನ್ನೇ ನೋಡುತ್ತ, "ಇರ್ಲಿ ಬಿಡ್ರಿ ಅಣ್ಣಾ. ಊರು ಇನ್ನಷ್ಟು ಹೊತ್ತು ಕಾಣ್ತದ" ಅಂದಳು. ಆ ದಿನ ನಾವು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆವೋ ನೆನಪಿಲ್ಲ, ಆ ಮಾತು ನೆನಪಿದೆ.

ಮರುದಿನ ನನ್ನ ವಿದ್ಯೆಯ ಪ್ರದರ್ಶನ ಶುರುವಾಯಿತು. ಬೋಟಿನ ಜೊತೆ ಬಂದಿದ್ದ ರಿಪೇರಿ ಪುಸ್ತಕದಲ್ಲಿ ಮೊದಲ ಪ್ರಶ್ನೆ: ಪಕ್ಕದ ತೂತಿನಿಂದ ನೀರು ಬೀಳುತ್ತಿದೆಯೇ? ಬಗ್ಗಿ ನೋಡಿದೆ. ಕಿರುಬೆರಳ ದಪ್ಪಕ್ಕೆ ಛಲೋ ಬೀಳುತ್ತಿತ್ತು. ಗುರುತು ಹಾಕಿ ಮುಂದೆ ಹೋದೆ. ಹೊಟ್ಟೆಯಡಿಯ ಜಾಲರಿ ಬಿಚ್ಚಿ ಪಾಚಿ ತೆಗೆದೆ. ಸೋಸುವ ಡಬ್ಬಿಯಿಂದ ಬೊಗಸೆ ಮರಳು ತೆಗೆದೆ. ಬೆಲ್ಟ್ ಒತ್ತಿ ನೋಡಿದೆ. ಥರ್ಮೋಸ್ಟಾಟ್ ಎಂಬ ಬಿಲ್ಲೆಯೊಂದಿರುತ್ತದೆ, ಎಂಜಿನ್ ಕಾದಾಗ ತಾನೇ ಬಾಯ್ತೆರೆದು ನೀರು ಹರಿಯಗೊಡಬೇಕು. ಅದನ್ನು ಕಾಕಾನ ಚಹಾದ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಅದು ಪುಸ್ತಕದಲ್ಲಿ ಹೇಳಿದಂತೆಯೇ ಬಾಯಿ ತೆರೆಯಿತು.

"ಚಾದ ಭಾಂಡ್ಯಾದಾಗ ತೆರೀತದ, ಇಂಜಿನ್‌ದಾಗ ಯಾಕ ತೆರೀವಲ್ದು?" ಎಂದು ಕಾಕಾ ಕೇಳಿದರು. ಒಂದು ವಾರ ಚಹಾ ಡೀಸೆಲ್ ವಾಸನೆ ಹೊಡೆಯಿತು, ಇಬ್ಬರೂ ಅದನ್ನೇ ಕುಡಿದೆವು.

ವಿಚಿತ್ರವೆಂದರೆ ಹಿನ್ನೀರು ಇಳಿದಷ್ಟೂ ಎಂಜಿನ್ ಬೇಗ ಬೇಗ ಕಾಯುತ್ತಿತ್ತು. ಮೊದಲು ನಡುನೀರಿನಲ್ಲಿ ನಿಲ್ಲುತ್ತಿದ್ದದ್ದು ಆಮೇಲೆ ಗೂಟ ಬಿಟ್ಟ ಸ್ವಲ್ಪ ಹೊತ್ತಿಗೇ ನಿಲ್ಲತೊಡಗಿತು. ಕೆಸರೇ ಕಾರಣ, ಕೆಸರು ತಿಂದು ಎಂಜಿನ್ ಒಳಗೇ ಸುಟ್ಟಿದೆ ಎಂದು ತೀರ್ಮಾನಿಸಿದೆ. ಭಾಲ್ಕಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಗುತ್ತಿಗೆದಾರನಿಗೆ ಹೇಳಿದೆ. ಆತ ಕೇಳಿದ್ದು ಒಂದೇ ಮಾತು: "ಅಲ್ಲೇ ರಿಪೇರಿ ಆಗ್ತದೇನು? ಆದ್ರ ಮಳಿತನಕ ಇರ್ಲಿ. ಆಗಲ್ಲಂದ್ರ ಲಾರಿ ಕಳಸ್ತೇನಿ, ಎತ್ತಿಬಿಡ್ರಿ. ಆ ಮುದುಕನ್ನೂ ಬಿಡಸ್ರಿ. ಬೋಟ್ ಇಲ್ಲಂದ್ರ ಕಾವಲು ಯಾತಕ?"

ಅಂದರೆ ಎಂಜಿನ್ನಿನ ಮೇಲೆ ಕಾಕಾನ ಕೆಲಸ ಅವಲಂಬಿಸಿತ್ತು. ಇದನ್ನು ತಿಳಿದೂ, "ಇಲ್ಲಿ ಆಗಲ್ಲರಿ, ಎಂಜಿನ್ ಹೋಗ್ಯಾದ" ಎಂದೆ. ಆಮೇಲೆ ಆತನಿಗೆ ಒಂದು ಪತ್ರವನ್ನೂ ಹಾಗೆಯೇ ಬರೆದು, ಕೆಳಗೆ ಹೆಸರಿನ ಮುಂದೆ ಡೀಸೆಲ್ ಮೆಕ್ಯಾನಿಕ್ ಎಂದು ಸೇರಿಸಿ ಕಳಿಸಿದೆ.

ಲಾರಿ ಬಂದ ದಿನ ಬಿಸಿಲು ಕೆಟ್ಟದಾಗಿತ್ತು. ಗುತ್ತಿಗೆದಾರನೂ ಜೊತೆಗೆ ಬಂದಿದ್ದ. ಕಾಕಾ ದಂಡೆಯಲ್ಲಿ ಹಗ್ಗ ಸುತ್ತುತ್ತಿದ್ದರು. ನಾನು ಇನ್ನೂ ನೀರಿನಲ್ಲೇ ಇದ್ದ ಬೋಟಿನ ಕೊಳವೆಯಲ್ಲಿ ಉಳಿದ ನೀರು ಬಸಿಯಲೆಂದು ಹಿಂದಿನ ಸೀಟು ಎತ್ತಿ ಕೈ ಹಾಕಿದೆ. ಬೆರಳಿಗೆ ಬಟ್ಟೆ ತಗುಲಿತು. ಬಗ್ಗಿ ನೋಡಿದರೆ ಹಿತ್ತಾಳೆಯ ವಾಲ್ವಿಗೆ ಕೆಂಪು ಅರಿವೆಯ ಚೂರು ಕಟ್ಟಿತ್ತು.

ವಾಲ್ವ್ ಹತ್ತಿರ ಹತ್ತಿರ ಮುಚ್ಚಿತ್ತು.

ಎಲ್ಲ ಒಮ್ಮೆಲೇ ಹೊಳೆಯಿತು. ದಿನಾ ಬೆಳಗ್ಗೆ ನಾನು ಎಂಜಿನ್ ಚಾಲೂ ಮಾಡಿ ದಂಡೆಗೆ ಹೋಗುತ್ತಿದ್ದೆ, ಕಾಕಾ ಹಗ್ಗ ಹಿಡಿದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಪಕ್ಕದ ತೂತಿನಿಂದ ನೀರು ಸುಮ್ಮನೆ ಸುರಿಯುವುದನ್ನು ನೋಡುತ್ತ ಕೂರುವುದು ಅವರ ಕೈಯಲ್ಲಿ ಆಗಲಿಲ್ಲ. ಹಿನ್ನೀರು ಇಳಿದಂತೆಲ್ಲ, ಊರ ಟಾಕಿಗೆ ಮಾಡಿದಂತೆಯೇ, ಅರ್ಧರ್ಧ ಸುತ್ತು ಬಿಗಿ ಮಾಡುತ್ತ ಬಂದಿದ್ದರು. ಆ ನೀರು ತಿರುಗಿ ಅದೇ ಹಿನ್ನೀರಿಗೆ ಬೀಳುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹನ್ನೆರಡು ವರ್ಷ ವಾಲ್ವ್ ತಿರುಗಿಸಿದ ಕೈಗೆ ಅದನ್ನು ಯಾರು ಹೇಳಬೇಕು?

ಅವರನ್ನಷ್ಟೇ ಏಕೆ ಅನ್ನಲಿ. ಆ ತೂತಿನಿಂದ ಹೆಬ್ಬೆರಳ ದಪ್ಪ ನೀರು ಬೀಳಬೇಕು. ನಾನು ಕಿರುಬೆರಳ ದಪ್ಪ ಕಂಡು ಛಲೋ ಬರುತ್ತಿದೆ ಎಂದು ಗುರುತು ಹಾಕಿದ್ದೆ. ಕಮಠಾಣದ ನಮ್ಮ ನಳದಲ್ಲಿ ಅಷ್ಟು ನೀರು ಬಂದರೆ ಅವ್ವ "ಇವತ್ತು ಜೋರ್ ಅದ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದಳು.

ವಾಲ್ವ್ ಪೂರ್ತಿ ತೆರೆದು ಎಂಜಿನ್ ಚಾಲೂ ಮಾಡಿದೆ. ನೀರು ಧೋ ಎಂದು ಬಿತ್ತು. ಮುಳ್ಳು ನಡುವೆ ಬಂದು ನಿಂತಿತು, ಎಷ್ಟು ಹೊತ್ತಾದರೂ ಅಲುಗಲಿಲ್ಲ. ಗುತ್ತಿಗೆದಾರ ದಂಡೆಯಿಂದ ಕೂಗಿದ: "ಚಾಲೂ ಆಗ್ಯಾದಲ್ರಿ? ಏನಂತೀರಿ ಮತ್ತ?"

ಒಂದು ಮಾತು ಸಾಕಿತ್ತು. ಎಂಜಿನ್ ಸರಿ ಇದೆ, ವಾಲ್ವ್ ನಾನೇ ನೋಡಿರಲಿಲ್ಲ ಎಂದಿದ್ದರೆ ಲಾರಿ ಖಾಲಿ ಹೋಗುತ್ತಿತ್ತು. ನಾನು ಕೀಲಿ ತಿರುಗಿಸಿ ಬಂದ್ ಮಾಡಿದೆ. "ಲಾರಿತನಕ ಅಷ್ಟೇ ನಡೀತದರಿ" ಎಂದೆ. ಕೆಂಪು ಅರಿವೆಯನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡೆ.

ಸಂಜೆ ಕಾಕಾ ಕೊನೆಯ ಚಹಾ ಇಟ್ಟರು. "ಬೋಟಿಗಿ ಬ್ಯಾನಿ ಏನಿತ್ತಂತರಿ?"

"ಕೆಸರು ಕಾಕಾ. ಒಳಗೆಲ್ಲ ಕೆಸರು ಹೊಕ್ಕಿತ್ತು."

ಅವರು ಚಹಾ ಸೋಸುತ್ತ ಕೇಳಿದರು, "ನಾ ಜರಾ ನೀರು ಉಳಸ್ತಿದ್ದೆ. ಅದರಿಂದೇನೂ ಆಗಿಲ್ಲಲ್ರಿ?"

"ಇಲ್ಲ ಕಾಕಾ. ಅದರಿಂದೇನಿಲ್ಲ."

"ಛಲೋ ಆಯ್ತು," ಎಂದರು. "ಮಳಿ ಬಿದ್ದು ಬೋಟ್ ಬಂದ್ರ ನಂಗ ಹೇಳಿ ಕಳಸ್ರಿ. ಬರ್ತೇನಿ." ಮರುದಿನ ಚಹಾದ ಪಾತ್ರೆಯನ್ನು ಚೀಲಕ್ಕೆ ಹಾಕಿಕೊಂಡು ಹೈದರಾಬಾದ್ ಬಸ್ಸು ಹತ್ತಿದರು.

ಮುಂದೆ ಮಳೆ ಬಂತು, ಹಿನ್ನೀರು ತುಂಬಿತು, ಬೋಟ್ ಬರಲಿಲ್ಲ. ನಾನು ಬೀದರಿಗೆ ಬಂದು ಪಂಪು ರಿಪೇರಿ ಅಂಗಡಿ ಸೇರಿದೆ. ವರ್ಷಗಳ ಮೇಲೆ ಔರಾದಿಗೆ ಹೊರಟಾಗ ಚಿಂತಾಕಿಯಲ್ಲಿಳಿದು ವಿಚಾರಿಸಿದೆ. "ಆ ಮನಿಯವ್ರು ಊರಿಗಿ ಬರೋದೇ ಬಿಟ್ಟಾರ್ರಿ" ಎಂದರು. ಹೈದರಾಬಾದಿನಲ್ಲಿ ಎಲ್ಲಿದ್ದಾರೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುದುಕರ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದೆ ಎಂದು ಬಹಳ ಕಾಲ ನಂಬಿದ್ದೆ. ಖರೇ ಹೇಳಬೇಕೆಂದರೆ, ಗುತ್ತಿಗೆದಾರನ ಮುಂದೆ ಬಾಯಿ ಮುಚ್ಚಿಸಿದ್ದು ಶೆಡ್ಡಿನಲ್ಲಿ ತೂಗುಹಾಕಿದ್ದ ಆ ಪ್ರಮಾಣಪತ್ರ. ಅದನ್ನು ಕಾಪಾಡಿಕೊಂಡೆ, ನನಗೆ ಚಹಾ ಕೊಡುತ್ತಿದ್ದ ಒಬ್ಬರೇ ಒಬ್ಬರನ್ನು ಕಳೆದುಕೊಂಡೆ.

ರಿಪೇರಿಯವನು ಡಬ್ಬಿ ಮುಚ್ಚಿ ಚೀಟಿ ಪುಸ್ತಕ ತೆಗೆದ. ಒಳ್ಳೆಯ ಮನುಷ್ಯ. ನನ್ನ ಮುಖ ನೋಡದೆಯೇ ಕೇಳಿದ, "ಏನಂತ ಬರೀಲಿ ಸರ್? ಮೋಟರ್ ಖರಾಬ್ ಇತ್ತಂತ ಬರೀಲ್ಯಾ?"

"ಬ್ಯಾಡಪಾ. ಆ ಕ್ಲಿಪ್ ನಾನೇ ಹಚ್ಚೇನಿ. ನೀರು ಸುಮ್ನ ಹೋಗೋದು ನೋಡ್ಲಕ ಆಗ್ಲಿಲ್ಲ. ಹಂಗೇ ಬರಿ."

ಆತ ನಕ್ಕ. "ಅಷ್ಟೆಲ್ಲ ಬರೀಲಕ ಇದರಾಗ ಜಾಗ ಇಲ್ರಿ."

ಚಹಾ ಕುಡಿದು ಹೋಗು ಎಂದೆ. ಇನ್ನೂ ನಾಲ್ಕು ಮನೆ ಇವೆ ಎಂದು ಹೊರಟುಹೋದ. ನಾನು ಸಿಂಕಿನ ಕೆಳಗೆ ಬಕೆಟ್ ಇಟ್ಟು ಪೈಪನ್ನು ಅದರೊಳಗೆ ಬಿಟ್ಟೆ. ಇಷ್ಟು ಸಣ್ಣ ಉಪಾಯ ಇಷ್ಟು ದಿನ ಹೊಳೆದಿರಲಿಲ್ಲ. ಕಿರುಬೆರಳಿಗಿಂತ ಸಣ್ಣ ಧಾರೆ ಬೀಳುತ್ತಿತ್ತು. ಕೈ ಎರಡು ಸಲ ಅದನ್ನು ಮಡಚಲು ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಬಕೆಟ್ ಅರ್ಧ ತುಂಬುವವರೆಗೆ ಅಲ್ಲೇ ನೆಲದ ಮೇಲೆ ಕುಳಿತಿದ್ದು, ಕೇಳುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ಬಾಯಿಬಿಟ್ಟು ಹೇಳಿದೆ.

"ಕಾಕಾ, ಬೋಟ್ ಕೆಟ್ಟಿರ್ಲಿಲ್ರಿ."