ಒಬ್ಬರಿಗೆ ಒಂದೇ ಪದ

“ಅಯ್ಯೋ ಮೇಡಂ, ಪೂರ್ತಿ ನೀವೇ ತುಂಬಿಬಿಟ್ರಾ? ನಮ್ಮ ಅಂಗಡೀಲಿ ಒಬ್ರಿಗೆ ಒಂದೇ ಪದ!”

ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಓಣಿಯ ಟೈಲರ್ ಭಾಯ್ ಮಷಿನ್ ನಿಲ್ಲಿಸಿ ಹೀಗೆಂದಾಗ ನಾನಿನ್ನೂ ಬೀಗುತ್ತಿದ್ದೆ. ರವಿಕೆ ಸಡಿಲ ಮಾಡಿಸಲು ಕಾಯುತ್ತಾ, ಅಲ್ಲಿದ್ದ ಪತ್ರಿಕೆಯ ಪದಬಂಧವನ್ನು ಹತ್ತೇ ನಿಮಿಷದಲ್ಲಿ ಮುಗಿಸಿದ್ದೆ. ಬೆಂಚಿನ ಮೇಲಿದ್ದ ಮೂವರು ಹೆಂಗಸರು ನನ್ನನ್ನೇ ದುರುಗುಟ್ಟಿ ನೋಡಿದರು.

ಭಾಯ್ ಅಳತೆಗೆ ಕತ್ತರಿಸುವ ಖಾಕಿ ಹಾಳೆ ಹಾಸಿ, ಸ್ಕೇಲ್ ಇಟ್ಟು, ಅದೇ ಚೌಕಗಳನ್ನು ಹೊಸದಾಗಿ ಎಳೆದರು. ಗೆರೆಗಳು ಪತ್ರಿಕೆಯಲ್ಲಿದ್ದುದಕ್ಕಿಂತ ನೇರ! ತಪ್ಪಿಗೆ ಶಿಕ್ಷೆಯಾಗಿ ಸುಳಿವು ಓದುವ ಕೆಲಸ ನನ್ನದು. ಮೂವರೂ ಸರದಿಯಂತೆ ಒಂದೊಂದೇ ಪದ ತುಂಬುತ್ತಾ, ಸುಳಿವು ಬರೆದವನನ್ನು ಬೈಯುತ್ತಾ, ಬಿದ್ದು ಬಿದ್ದು ನಕ್ಕರು. ಕೊನೆಗೆ ಹೋಲಿಸಿ ನೋಡಿದರೆ ನನ್ನ ಎರಡು ಉತ್ತರ ತಪ್ಪು! “ಪರವಾಗಿಲ್ಲ ಮೇಡಂ, ಆಲ್ಟರ್ ಮಾಡ್ಕೊಡ್ತೀನಿ,” ಎಂದರು ಭಾಯ್.

ಈಗ ಮನೆಯ ಪತ್ರಿಕೆಯಲ್ಲೂ ನಾಲ್ಕಾರು ಪದ ಬೇಕೆಂದೇ ಬಿಡುತ್ತೇನೆ. ಪದಬಂಧದತ್ತ ತಿರುಗಿಯೂ ನೋಡದಿದ್ದ ನಮ್ಮ ಯಜಮಾನರು ಮೊನ್ನೆ ಪೆನ್ನು ಕಚ್ಚುತ್ತಾ, “ಇದೆಂಥ ಸುಳಿವು ಕಣೇ, ಯಾರಿಗೆ ಗೊತ್ತಾಗುತ್ತೆ?” ಎಂದು ರೇಗಿದರು. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.