ನನಗಿಟ್ಟ ಎಡೆ

ಧಾರಾವಾಹಿಯಲ್ಲಿ ನಾನು ಬದುಕಿದ್ದು ಕೆಲವೇ ಕಂತು. ಆಮೇಲೆ ಹೃದಯಾಘಾತವಾಗಿ ಸತ್ತೆ; ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ವರ್ಷಗಟ್ಟಲೆ ನೇತಾಡಿದೆ. ನಾಯಕಿ ಸಂಜೆ ಸಂಜೆ ನನ್ನ ಫೋಟೊ ಮುಂದೆ ನಿಂತು ಅಳುತ್ತಿದ್ದಳು. ಅಷ್ಟು ಸಲೀಸಾದ ಅಭಿನಯ ನಾನು ಇನ್ನೆಲ್ಲೂ ಮಾಡಿಲ್ಲ.

ಅದಕ್ಕೆ ಮುಂಚೆ, ತೊಂಬತ್ತರ ದಶಕದುದ್ದಕ್ಕೂ, ಮೈಸೂರಿನ ಗಣೇಶನ ಪೆಂಡಾಲುಗಳಲ್ಲಿ ಜನರನ್ನು ನಗಿಸುವುದೇ ನನ್ನ ಕಸುಬು. ಆರ್ಕೆಸ್ಟ್ರಾದವರು ಟೀ ಕುಡಿಯಲು ಇಳಿದಾಗ ಮೈಕ್ ಹಿಡಿದು, ಮಂಡಿ ಮೊಹಲ್ಲಾದ ಚೌಕಾಸಿ, ಬಸ್ ಕಂಡಕ್ಟರನ ಗೊಣಗಾಟ, ಕೊನೆಗೆ ನನ್ನವ್ವನ ಬೈಗುಳ ಎಲ್ಲ ಮಾಡಿ ತೋರಿಸುತ್ತಿದ್ದೆ. ಅವ್ವ ಮುಂದಿನ ಸಾಲಿನಲ್ಲೇ ಕೂತು ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಮನೆಗೆ ಬಂದ ಮೇಲೆ, "ಊರ್ ಮುಂದೆ ನನ್ ಮಾನ ಕಳೆದ್ಬುಟ್ಟೆಯಲ್ಲೋ" ಎಂದು ನನಗಿಂತ ಚೆನ್ನಾಗಿ ಬೈಯುತ್ತಿದ್ದಳು.

ನಟನಾದ ಮೇಲೆ ಒಂದಲ್ಲ ಒಂದು ಧಾರಾವಾಹಿಯ ಶೂಟಿಂಗ್‌ಗೆಂದು ವಾರಗಟ್ಟಲೆ ಹೊರಗಿರಬೇಕಾಯಿತು. ಅವ್ವ ಉದಯಗಿರಿಯ ನಮ್ಮ ಮನೆಯಲ್ಲಿ ಅಕ್ಕನ ಜೊತೆಗಿದ್ದಳು. ನನ್ನ ಫೋಟೊಗೆ ಹಾರ ಬಿದ್ದದ್ದನ್ನು ಟಿ.ವಿ.ಯಲ್ಲಿ ಮೊದಲ ಸಲ ಕಂಡಾಗ ನಿರ್ದೇಶಕನ ವಂಶಕ್ಕೇ ಶಾಪ ಹಾಕಿದಳಂತೆ. ಆಗಿನ್ನೂ ಅವಳ ತಲೆ ಸರಿಯಿತ್ತು. ಆಮೇಲೆ ಮರೆವು ಶುರುವಾಯಿತು. ಒಲೆಯ ಮೇಲಿನ ಹಾಲು, ಬೀದಿಯ ತಿರುವು, ಅಕ್ಕನ ಹೆಸರು ಎಲ್ಲ ಒಂದೊಂದಾಗಿ ಹೋದವು. ನಾನು ಸತ್ತಿದ್ದ ಸಂಜೆಯ ಧಾರಾವಾಹಿ ಮಾತ್ರ ಉಳಿಯಿತು.

ಒಂದು ದಿನ ಮನೆಗೆ ಬಂದು ನೋಡಿದರೆ ಅವ್ವ ನಡುಮನೆಯ ನನ್ನ ಫೋಟೊಗೆ ಕುಂಕುಮವಿಟ್ಟು, ಕನಕಾಂಬರ ಹಾಕಿ, ದೀಪ ಹಚ್ಚಿದ್ದಳು.

"ಯಾರಪ್ಪ ನೀವು? ನನ್ ಮಗನ್ ಸ್ನೇಯಿತ್ರಾ?" ಎಂದಳು.

"ನಾನೇ ಕಣವ್ವ" ಎಂದೆ. ನಂಬಲಿಲ್ಲ. ಕೊನೆಗೆ ಪೆಂಡಾಲಿನಲ್ಲಿ ಮಾಡುತ್ತಿದ್ದ ಅವಳದೇ ಬೈಗುಳವನ್ನು ಅವಳ ಮುಂದೆ ಮಾಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಅತ್ತುಬಿಟ್ಟಳು. "ಅವ್ನೂ ಇಂಗೇ ಮಾಡ್ತಿದ್ದ ಕಣಪ್ಪ" ಎಂದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ತೋರಿಸಲಿ? ಹೋಗಿ ಟಿ.ವಿ. ಆರಿಸಿದೆ.

ಆ ವರ್ಷ ಪಿತೃಪಕ್ಷ ಬಂತು. ಸತ್ತವರಿಗೆ ಇಷ್ಟವಾದುದನ್ನು ಮಾಡಿ, ಬಾಳೆಎಲೆಯಲ್ಲಿ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಹೊರಗೆ ಕೂರುವುದು ನಮ್ಮ ಪದ್ಧತಿ. ಅವ್ವ ಹಟ ಹಿಡಿದು ಅಪ್ಪನ ಎಲೆಯ ಪಕ್ಕ ನನಗೂ ಒಂದು ಎಲೆ ಹಾಕಿಸಿದಳು. ಕೋಳಿಸಾರು, ಮುದ್ದೆ, ಕಜ್ಜಾಯ. ಎಲೆಯ ತುದಿಯಲ್ಲಿ ನಾನು ಸೇದುವ ಸಿಗರೇಟು. ಅದು ಅವಳಿಗೆ ಗೊತ್ತಿತ್ತೆಂದು ನನಗೆ ಅವತ್ತೇ ಗೊತ್ತಾದದ್ದು.

ಬಾಗಿಲು ಹಾಕಿಕೊಂಡು ಜಗಲಿಯಲ್ಲಿ ಕೂತೆವು. ನನ್ನ ಊಟ ಮುಗಿಯಲೆಂದು ನಾನೇ ಕಾಯುತ್ತಿದ್ದೆ. ನಗು ಬರಬೇಕಿತ್ತು, ಮೈ ತಣ್ಣಗಾಯಿತು. ನಾನು ಕೆಮ್ಮಿದೆ.

"ಸದ್ದು ಮಾಡ್ಬೇಡಿ, ನನ್ ಮಗ ಉಣ್ತಾ ಇರ್ಬೋದು" ಎಂದಳು ಅವ್ವ. ಸ್ವಲ್ಪ ಹೊತ್ತಿಗೆ ಬಾಗಿಲ ಕಡೆ ತಿರುಗಿದಳು. "ಬರ್ತಾನಾ ಅವ್ನು? ಹಸ್ಕೊಂಡೇ ಇದ್ಬುಡ್ತಾನೇನೋ."

ನಾನು ಎದ್ದೆ. ಸಂದಿಯಲ್ಲಿ ಸುತ್ತಿ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಅಪ್ಪನ ಎಲೆಯ ಪಕ್ಕ, ನನ್ನದೇ ಫೋಟೊ ಎದುರು ಕೂತೆ. ಮುದ್ದೆ ಮುರಿದು ಸಾರಿಗದ್ದಿ ನುಂಗಿದೆ. ಕಜ್ಜಾಯ ಕಚ್ಚಿಟ್ಟೆ. ಬಂದ ದಾರಿಯಲ್ಲೇ ಜಗಲಿಗೆ ಮರಳಿದೆ.

ಅಕ್ಕ ಬಾಗಿಲು ತಟ್ಟಿ ತೆರೆದಳು. ಅವ್ವ ಎಲೆ ನೋಡಿದಳು. "ಬಂದಿದ್ದ! ನನ್ ಮಗ ಬಂದು ಉಂಡೋಗವ್ನೆ ಕಣಪ್ಪ!" ಎಂದು ನನ್ನ ಎರಡೂ ಕೈ ಹಿಡಿದು ಕುಣಿಯುವುದೊಂದು ಬಾಕಿ. ಅಕ್ಕ ಮುಖ ತಿರುಗಿಸಿಕೊಂಡಳು. ಇಡೀ ಮೈಸೂರು ನಕ್ಕಾಗಲೂ ಅವ್ವನ ಮುಖದಲ್ಲಿ ನಾನು ಅಂಥ ಸಂತೋಷ ಕಂಡಿರಲಿಲ್ಲ.

ನಾನು ಬದುಕಿದ್ದೇನೆಂದು ಅವಳಿಗೆ ಮತ್ತೆ ಹೇಳಲಿಲ್ಲ. ಅವಳು ಇರುವವರೆಗೂ, ಪ್ರತಿ ವರ್ಷ ಆ ದಿನ, ಶೂಟಿಂಗ್ ಬಿಟ್ಟು ಬಂದು ನನ್ನ ಎಡೆ ಉಂಡು ಹೋದೆ.