ಸೋಪಕ್ಕ ಅಗೆದ ಜಾಗ

ಚಿನ್ನ ಸಿಕ್ಕಿತೆಂಬ ಸುದ್ದಿಗೆ ಬರಿಗುಡ್ಡದ ಮೇಲೆ ನಾಯಿಕೊಡೆಯ ಹಾಗೆ ಎದ್ದ ಊರು ಅದು. ಗಂಡಸರೆಲ್ಲ ಗುಂಡಿಯೊಳಗೆ, ಅವರ ಕೆಸರು ಬಟ್ಟೆಯೆಲ್ಲ ಸೋಪಕ್ಕನ ತೊಟ್ಟಿಯೊಳಗೆ. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತುಹೋಗಿರಬೇಕು. ಅವಳ ಗಂಡ ಅಗೆದ ಕಡೆಯೆಲ್ಲ ಬರೀ ಕಲ್ಲು. ಮುಟ್ಟಿದ್ದೆಲ್ಲ ಮಣ್ಣು ಎಂದು ಊರೇ ಅವನನ್ನು ಆಡಿಕೊಳ್ಳುತ್ತಿತ್ತು.

ಅಲ್ಲಿಯೇ ಅವರ ಪುಟ್ಟ ಮಗಳು ಕೆಮ್ಮಿ ಕೆಮ್ಮಿ ತೀರಿಕೊಂಡಳು. ಇಳಿಜಾರಿನಲ್ಲಿ ಹೂತರು. ವರ್ಷ ತುಂಬುವಷ್ಟರಲ್ಲಿ ಅಗೆತ ಆ ಇಳಿಜಾರಿಗೂ ಬಂತು. ಊರಿನ ಕಟ್ಟಳೆ ಒಂದೇ: ಗೂಟ ಹೊಡೆದವರದೇ ಜಾಗ, ಆದರೆ ದಿನಾ ಅಲ್ಲಿ ಗುದ್ದಲಿ ಬೀಳಬೇಕು. ಬೀಳದಿದ್ದರೆ ಯಾರು ಬೇಕಾದರೂ ಅಗೆಯಬಹುದು. ಸತ್ತವರಿಗೂ ರಿಯಾಯಿತಿ ಇರಲಿಲ್ಲ, ಪಾಪಿಗಳು!

ಸೋಪಕ್ಕ ಮಗಳ ಸುತ್ತ ಗೂಟ ಹೊಡೆದಳು. ದಿನವೆಲ್ಲ ಒಗೆದು ಸೊಂಟ ಬಿದ್ದುಹೋದ ಮೇಲೆ ಗುದ್ದಲಿ ಹಿಡಿದು ಹೋಗುವಳು. ಮಗುವಿನ ಕಾಲ ಕಡೆ, ಗೂಟದ ಅಂಚಿನಲ್ಲಿ, ಮೊಳದಷ್ಟು ಅಗೆದು ಮತ್ತೆ ಮುಚ್ಚುವಳು. ಮರುದಿನ ಮತ್ತೆ ಅದೇ ಮಣ್ಣು.

"ಏನಕ್ಕಾ, ಗಂಟು ಸಿಕ್ತಾ?" ಎಂದು ಪಕ್ಕದ ಗುಂಡಿಯವನು ಕೇಳುವನು.

"ಸಿಕ್ಕಿದ್ರೆ ನಿನ್ ಚಡ್ಡಿ ಯಾಕಪ್ಪ ಒಗೀತಿದ್ದೆ?"

ಒಂದು ಸಂಜೆ ಗುದ್ದಲಿ ಬಿದ್ದಲ್ಲಿ ಹಳದಿ ಹೊಳೆಯಿತು. ಬೆರಳು ದಪ್ಪದ ಚಿನ್ನದ ಎಳೆ, ನೇರ ಮಗುವಿನ ಕಡೆಗೇ ಹೋಗಿತ್ತು. ಅವಳಿಗೆ ಸಂತೋಷವಾಗಲಿಲ್ಲ, ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದಳು. ಗೊತ್ತಾದರೆ ಮಗುವನ್ನು ಎತ್ತಿ ಆಚೆ ಹಾಕುತ್ತಾರೆ. ಗಂಡನಾದರೂ ತಡೆದಾನೇ? ಅವನೂ ಆಸೆಬುರುಕನೇ, ಅದಕ್ಕಲ್ಲವೇ ಇಲ್ಲಿಗೆ ಬಂದದ್ದು. ಮಣ್ಣೆಳೆದು ಗಟ್ಟಿಯಾಗಿ ತುಳಿದಳು, ಮರುದಿನದಿಂದ ಇನ್ನೊಂದು ಅಂಚಿನಲ್ಲಿ ಅಗೆದಳು. ಅವನು ಬರಿಗೈಯಲ್ಲಿ ಬಂದು ಕೂತಾಗಲೆಲ್ಲ ಮುಖ ನೋಡಲಾರದೆ ಒಲೆ ಊದಿದಳು.

ಚಿನ್ನ ತೀರಿತು. ಜನ ಗೋಡೆಯ ಹಲಗೆ, ಬಾಗಿಲು ಎಲ್ಲ ಕಿತ್ತು ಗಾಡಿಗೆ ಹೇರಿದರು. ಊರು ಎದ್ದ ಹಾಗೇ ಮಲಗಿತು. ಕೊನೆಯ ಗಾಡಿ ಇವರದು. ಇನ್ನು ಅಗೆಯುವವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸೋಪಕ್ಕನಿಗೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಸಾಕಾಗಿ ಹೋಯಿತು.

"ರೀ, ನಿಮ್ಮಿಂದ ಒಂದ್ ವಿಷ್ಯ ಮುಚ್ಚಿಟ್ಟಿದ್ದೆ. ಮಗಳ ಕಾಲ ಹತ್ರ ಚಿನ್ನ ಇತ್ತು. ಬೈಬೇಡಿ."

ಅವನು ಗಾಡಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ನೀನು ಜ್ವರ ಬಂದು ಮಲಗಿದಾಗ ಅಲ್ಲಿ ಅಗೆದೋನು ಯಾರು? ನಾನೂ ಕಂಡೆ ಕಣೇ. ನಿಂಗೆ ಗೊತ್ತಾದ್ರೆ ಎಲ್ಲಿ ಆಸೆ ಪಡ್ತೀಯೋ ಅಂತ ಹೆದರಿ ಮುಚ್ಚಿಬಿಟ್ಟೆ."